ಚಾವಿ ಕೊಟ್ಟು ಸಾಕಿದ ಕಾರು

ನೀರಿನ ಒಡಲಿನಲ್ಲಿ ಬೆಂಕಿಯನ್ನೂ, ಕಣ್ಣಿನ ಕರಿಯ ಬೊಟ್ಟಿನಲ್ಲಿ ಜಗದಗಲದ ಬೆಳಕನ್ನೂ ಅಡಗಿಸಿಟ್ಟ ಪರಂಜ್ಯೋತಿಗೆ ಮೊದಲ ವಂದನೆ. ತಾನು ಕಾಣಿಸಿಕೊಳ್ಳದೆ ಎಲ್ಲವನ್ನೂ ನಡೆಸುವ ಆ ಪ್ರಭುವಿನ ಲೋಕದಲ್ಲಿ, ಕಣ್ಣಿಗೆ ಬೀಳದೆ ದುಡಿಯುವ ಒಂದು ಸಣ್ಣ ಪೆಟ್ಟಿಗೆಯ ಕಥೆಯಿದು. ಕೇಳುವ ಕಿವಿಗೆ ಹಿತವಾಗಲಿ, ಕೇಳಿದವರ ಮನೆಗೆ ನೆರವಾಗಲಿ ಎಂದು ಬೇಡಿಕೊಂಡು ಕಥೆಯನ್ನು ಎತ್ತಿಕೊಳ್ಳೋಣ.

ಒಂದು ಪೇಟೆಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿಯ ಅಂಗಡಿಯಿತ್ತು. ಅದರ ಮಾಳಿಗೆಯೇ ಅಂಗಡಿಯವನ ಮನೆ. ಅವನ ತುಟಿಗಳ ನಡುವೆ ಸದಾ ಯಾವುದಾದರೊಂದು ಗಡಿಯಾರದ ಮುಳ್ಳು ಸಿಕ್ಕಿಕೊಂಡಿರುತ್ತಿದ್ದುದರಿಂದ ಬೀದಿಯವರು ಅವನನ್ನು ಮುಳ್ಳಣ್ಣನೆಂದು ಕರೆಯುತ್ತಿದ್ದರು. ಸ್ವಭಾವದಲ್ಲಿ ಮಾತ್ರ ಅವನು ಹತ್ತಿಯಷ್ಟು ಮೆತ್ತಗೆ. ಮನೆಯಲ್ಲಿ ಪರದೆ, ದಿಂಬಿನ ಚೀಲಗಳನ್ನು ಹೊಲಿಯುವ ಹೆಂಡತಿ. ಮಣಿಕಸೂತಿಯಲ್ಲಿ ಹೆಸರು ಮಾಡಿದ ತಾಯಿ. ಅಂಗಡಿಯ ಪಕ್ಕದ ಗೋಡೆಗೆ ಒತ್ತಿಕೊಂಡು, ತಾಯಿಯ ಕೋಣೆಯ ಕಿಟಕಿಯ ನೇರ ಕೆಳಗೆ, ಬೂದುಬಣ್ಣದ ಒಂದು ಪುಟ್ಟ ಕಾರು ನಿಂತಿರುತ್ತಿತ್ತು. ಮುಳ್ಳಣ್ಣನ ಕೆಲಸ ಮನೆಯ ಬುಡದಲ್ಲೇ ಇದ್ದುದರಿಂದ ಕಾರಿಗೆ ಹೊರಡುವ ಪ್ರಸಂಗಗಳು ಬಲು ವಿರಳ.

ಇತ್ತೀಚೆಗೆ ತಾಯಿಯ ಕಸೂತಿಯಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ಗಿಡದ ಎಲೆಗಳೆಲ್ಲ ನೀಲಿಯಾದವು.

“ಅಮ್ಮ, ಎಲೆ ಯಾವಾಗ ನೀಲಿ ಆಯ್ತು?” ಎಂದು ಮಗ ಕೇಳಿದರೆ, “ಇದು ಸಮುದ್ರದೊಳಗಿನ ಗಿಡ ಕಣೋ. ನೀನು ನೋಡಿಲ್ಲ, ಸುಮ್ಮನಿರು” ಎಂದು ತಾಯಿ ಬಾಯಿ ಮುಚ್ಚಿಸಿದಳು.

ಡಾಕ್ಟರರ ಬಾಯಿ ಮುಚ್ಚಿಸಲು ಆಗಲಿಲ್ಲ. ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯೊಂದೇ ದಾರಿ. ಊರಾಚೆಯ ಕಣ್ಣಾಸ್ಪತ್ರೆಗೆ ಅಪರೂಪಕ್ಕೊಮ್ಮೆ ಬರುವ ತಜ್ಞರು ದಿನ ಕೊಟ್ಟರು. “ಕಣ್ಣಿಗೆ ಕತ್ತಿ ಹಾಕಿಸ್ಕೊಳ್ಳೋಕೆ ನಾನೇನು ತೆಂಗಿನಕಾಯಾ?” ಎಂದು ಹಟ ಹಿಡಿದ ತಾಯಿಯನ್ನು ಮಗ ಸೊಸೆ ಇಬ್ಬರೂ ಗೋಗರೆದು ಒಪ್ಪಿಸಿದರು.

ಆ ದಿನ ಬೆಳಿಗ್ಗೆ ತಾಯಿ ಹಿಂದಿನ ಸೀಟಿನಲ್ಲಿ ಕೈಚೀಲವನ್ನು ಎದೆಗವಚಿಕೊಂಡು ಕುಳಿತಳು. ಸೊಸೆ ಪಕ್ಕದಲ್ಲಿ ಕುಳಿತಳು. ಮುಳ್ಳಣ್ಣ ಗಂಭೀರವಾಗಿ ಚಾವಿ ತಿರುಗಿಸಿದ.

ಟಕ್. ಟಕ್. ಟಕ್.

ಇನ್ನೊಮ್ಮೆ ತಿರುಗಿಸಿದ. ಗಡಿಯಾರದಂಗಡಿಯ ಕಾರು ಗಡಿಯಾರದಂತೆಯೇ ಸದ್ದು ಮಾಡಿತೇ ವಿನಾ ಇಂಜಿನ್ನು ಉಸಿರೆತ್ತಲಿಲ್ಲ. ಬೀದಿಯವರು ತಳ್ಳಿದರು, ತಾವೇ ಏದುಸಿರುಬಿಟ್ಟರು. ಕಾರು ತಾನಿರುವಲ್ಲೇ ಕೊಸರಿಕೊಂಡಿತು. ಟ್ಯಾಕ್ಸಿ ಸಿಕ್ಕು ಆಸ್ಪತ್ರೆಗೆ ಹೋಗಿ ಮುಟ್ಟುವಷ್ಟರಲ್ಲಿ ಸರದಿ ತಪ್ಪಿತ್ತು, ತಜ್ಞರು ಹೊರಟುಹೋಗಿದ್ದರು. ಆಸ್ಪತ್ರೆಯವರು ಇನ್ನೊಂದು ದಿನ ಕೊಟ್ಟರು. ಅದು ಸುಮಾರು ತಿಂಗಳೊಪ್ಪತ್ತಿನ ದೂರದಲ್ಲಿತ್ತು. “ಈ ಸಲ ತಪ್ಪಿಸಬೇಡಿ. ಪೊರೆ ಬಲಿತಷ್ಟೂ ಕೆಲಸ ಕಷ್ಟ” ಎಂದು ನರ್ಸಮ್ಮ ಒತ್ತಿ ಹೇಳಿದಳು.

ಮನೆಗೆ ಬಂದ ತಾಯಿಯ ಮುಖದಲ್ಲಿ ದುಃಖದ ಸುಳಿವಿರಲಿಲ್ಲ. ಶಾಲೆಗೆ ರಜೆ ಸಿಕ್ಕ ಮಗುವಿನ ಕಳೆಯಿತ್ತು.

“ನೋಡಿದ್ಯಾ? ಕಾರಿಗಿರೋ ಬುದ್ಧಿ ನಿಮಗಿಲ್ಲ. ಬೇಡ ಅಂತ ಅದೇ ಹೇಳ್ತು” ಎಂದಳು.

“ಅದು ಬ್ಯಾಟರಿ ಹೋಗಿದ್ದು ಅತ್ತೆ, ಶಕುನ ಅಲ್ಲ” ಎಂದಳು ಸೊಸೆ.

“ಏನಾದ್ರೂ ಅನ್ನಿ. ನನ್ನ ಮಾತು ಇಷ್ಟೇ. ಆ ದಿನ ಕಾರು ಒಂದೇ ಸಲಕ್ಕೆ ಹೊರಟರೆ ನಾನೂ ಹೊರಡ್ತೀನಿ. ಟಕ್ ಅಂತ ಒಂದೇ ಒಂದು ಸದ್ದು ಬಂತೋ, ಆಮೇಲೆ ಕಣ್ಣಿನ ಸುದ್ದಿ ಎತ್ತಬಾರದು. ಟ್ಯಾಕ್ಸಿ ಗೀಕ್ಸಿ ಅಂದ್ರೆ ಕಂಬಳಿ ಹೊದ್ದು ಮಲಗಿಬಿಡ್ತೀನಿ.”

ಹೀಗೆ ತಾಯಿಯ ಕಣ್ಣುಗಳ ಬೆಳಕು ಆ ಪುಟ್ಟ ಕಾರಿನ ಬ್ಯಾಟರಿ ಪೆಟ್ಟಿಗೆಯಲ್ಲಿ ಅಡವಿದ್ದಂತಾಯಿತು.

ಮುಳ್ಳಣ್ಣನ ನಾದಿನಿ, ಎಂದರೆ ಹೆಂಡತಿಯ ತಂಗಿ, ಹಿಂದಿನ ಬೀದಿಯಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ದಿನವಿಡೀ “ಕ್ಲಚ್ಚು! ಕ್ಲಚ್ಚು!” ಎಂದು ಕೂಗುವುದರಿಂದ ಶಿಷ್ಯರು ಆಕೆಯ ಬೆನ್ನ ಹಿಂದೆ ಕ್ಲಚ್ಚಕ್ಕ ಎನ್ನುತ್ತಿದ್ದರು. ಈ ಸಂಗತಿ ಅವಳಿಗೆ ಗೊತ್ತಿತ್ತು. ಒಳಗೊಳಗೇ ಇಷ್ಟವೂ ಆಗಿತ್ತು. ಮರುದಿನ ಅವಳು ತನ್ನ ಶಾಲೆಯ ಕಾರಿನಲ್ಲಿ ಬಂದಿಳಿದು ಭಾವನ ಕಾರಿನ ಬಾನೆಟ್ಟನ್ನು ಎತ್ತಿದಳು.

“ಭಾವ, ಈ ಬ್ಯಾಟರಿ ಯಾವ ಕಾಲದ್ದು?”

“ಕಾರಿನ ಜೊತೆಗೇ ಬಂದಿದ್ದು. ಕಾರಿರೋ ತನಕ ಇರುತ್ತೆ.”

“ನಿಮ್ಮ ಬಾಯಲ್ಲಿ ಹಾಲುಹಲ್ಲು ಇನ್ನೂ ಇದೆಯಾ?”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಹಲ್ಲಿಗೆ ಅದರದ್ದೇ ಕಾಲ ಇದೆ, ಬ್ಯಾಟರಿಗೂ ಇದೆ. ಚೆನ್ನಾಗಿ ನೋಡ್ಕೊಂಡ್ರೆ ಕೆಲವು ವರ್ಷ ಬರುತ್ತೆ. ಆಮೇಲೆ ಅದು ದಣಿಯುತ್ತೆ. ಬಿಸಿಲಿಗೆ ಸೊರಗುತ್ತೆ, ಚಳಿಗೆ ಕೈ ಕೊಡುತ್ತೆ. ಮುಂದಿನ ದೀಪ ಹಾಕಿ, ಹಾಗೇ ಸ್ಟಾರ್ಟ್ ಮಾಡಿ ನೋಡೋಣ.”

ಮುಳ್ಳಣ್ಣ ಹಾಗೆಯೇ ಮಾಡಿದ. ಟಕ್ ಎಂಬ ಸದ್ದಿನೊಡನೆ ದೀಪಗಳು ನಾಚಿದವರ ಕಣ್ಣಿನಂತೆ ಮುಚ್ಚಿಕೊಂಡವು.

“ಸತ್ತಿದೆ ಬಿಡು. ಹೊಸದು ತರೋಣ ನಡಿ” ಎಂದು ಮುಳ್ಳಣ್ಣ ಚೀಲ ಹಿಡಿದ.

“ಅವಸರ ಮಾಡಬೇಡಿ. ಗಡಿಯಾರ ನಿಂತಿದೆ ಅಂತ ಯಾರಾದ್ರೂ ತಂದುಕೊಟ್ರೆ ನೋಡದೇನೇ ಸೆಲ್ ಬದಲಾಯಿಸ್ತೀರಾ?”

“ಛೇ! ಮೊದಲು ಒಳಗೆ ಏನಾಗಿದೆ ಅಂತ ನೋಡಬೇಕಲ್ಲ.”

“ಇದಕ್ಕೂ ಅದೇ ನ್ಯಾಯ. ಇಲ್ಲಿ ನೋಡಿ, ತಂತಿ ಕಚ್ಚಿರೋ ಈ ಎರಡು ಗೂಟದ ಮೇಲೆ ಬಿಳಿ ಹಸಿರು ಪುಡಿ ಬೆಳೆದಿದೆ. ಕೆಲವು ಸಲ ಇಷ್ಟೇ ಕಾಯಿಲೆ. ಪುಡಿ ತೆಗೆದು ಬಿಗಿ ಮಾಡಿದ್ರೆ ಕಾರು ಹೊರಟುಬಿಡುತ್ತೆ. ಇನ್ನು ಕೆಲವು ಸಲ ಬ್ಯಾಟರಿ ಚೆನ್ನಾಗೇ ಇರುತ್ತೆ, ಓಡುವಾಗ ಅದನ್ನ ತುಂಬಿಸೋ ಆಲ್ಟರ್ನೇಟರ್ ಕೆಟ್ಟಿರುತ್ತೆ. ಅದನ್ನ ನೋಡದೇ ಹೊಸ ಬ್ಯಾಟರಿ ಹಾಕಿದ್ರೆ ಹೊಸದೂ ಸಾಯುತ್ತೆ.”

ಗೂಟಗಳ ಪುಡಿಯನ್ನು ಒರೆಸಿ, ತನ್ನ ಕಾರಿನಿಂದ ತಂತಿ ಕೊಟ್ಟು ಎಬ್ಬಿಸಿ, ಅವಳು ಕಾರನ್ನು ಪರಿಚಯದ ವರ್ಕ್‌ಶಾಪಿಗೆ ಒಯ್ದಳು. ಮೆಕ್ಯಾನಿಕ್ ಯಂತ್ರ ಹಚ್ಚಿ ಪರೀಕ್ಷಿಸಿದ. ಆಲ್ಟರ್ನೇಟರ್ ಗಟ್ಟಿಮುಟ್ಟಾಗಿತ್ತು; ಬ್ಯಾಟರಿ ಮಾತ್ರ ಆಯುಸ್ಸು ಮುಗಿಸಿತ್ತು. ಈಗ ಹೊಸದನ್ನು ಕೊಳ್ಳಬಹುದೆಂದು ಖಚಿತವಾಯಿತು.

ಬ್ಯಾಟರಿ ಅಂಗಡಿಯಲ್ಲಿ ಕಾಲಿಟ್ಟೊಡನೆ ಮುಳ್ಳಣ್ಣನ ದೃಷ್ಟಿ ಮೂಲೆಯಲ್ಲಿ ಕುಳಿತ ಒಂದು ಮಹಾಕಾಯದ ಬ್ಯಾಟರಿಯ ಮೇಲೆ ನೆಟ್ಟಿತು.

“ಇದೇ ಇರಲಿ” ಎಂದ. “ನೋಡು, ಪೈಲ್ವಾನನ ಹಾಗಿದೆ! ಅಮ್ಮನ ಕಣ್ಣಿನ ವಿಷಯ, ಚೌಕಾಸಿ ಬೇಡ.”

ಅಂಗಡಿಯ ಯಜಮಾನನಿಗೆ ನಗು ತಡೆಯಲಾಗಲಿಲ್ಲ. “ಸ್ವಾಮಿ, ಅದು ಲಾರಿದು. ಅದರ ಮೇಲೆ ನಿಮ್ಮ ಕಾರನ್ನೇ ಕೂರಿಸಬಹುದು.”

“ಭಾವ,” ಎಂದಳು ನಾದಿನಿ, “ಕೈಗಡಿಯಾರದೊಳಗೆ ಗೋಡೆ ಗಡಿಯಾರದ ಯಂತ್ರ ತುರುಕ್ತೀರಾ? ಕಾರಿನ ಜೊತೆ ಬಂದ ಕೈಪಿಡಿ ತಂದಿದ್ದೀನಿ, ಇದರಲ್ಲಿ ಎಲ್ಲಾ ಬರೆದಿದೆ. ಬ್ಯಾಟರಿ ಕೂರೋ ತಟ್ಟೆಯ ಉದ್ದ, ಅಗಲ, ಬ್ಯಾಟರಿಯ ಎತ್ತರ. ಎತ್ತರ ಜಾಸ್ತಿ ಆದ್ರೆ ಬಾನೆಟ್ ಮುಚ್ಚಿದಾಗ ಲೋಹ ಹೋಗಿ ಗೂಟಕ್ಕೆ ತಗಲುತ್ತೆ, ಬೆಂಕಿ ಹೊತ್ತಿಕೊಳ್ಳುತ್ತೆ. ಪ್ಲಸ್ ಗೂಟ ಎಡಕ್ಕಿರಬೇಕಾ, ಬಲಕ್ಕಿರಬೇಕಾ ಅಂತಲೂ ಇದೆ. ಉಲ್ಟಾ ಆದ್ರೆ ತಂತಿ ಮುಟ್ಟಲ್ಲ. ಮುಟ್ಟೋ ಗೂಟಕ್ಕೇ ಸಿಕ್ಕಿಸಿದ್ರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಕಾರಿನ ವಿದ್ಯುತ್ ಭಾಗಗಳೆಲ್ಲ ಸುಟ್ಟು ಬೂದಿ.”

“ಸರಿ, ಅಳತೆ ಆಯ್ತು. ಶಕ್ತಿ?”

“ಅದೂ ಇಲ್ಲೇ ಇದೆ. ಎಷ್ಟು ಹೊತ್ತು ವಿದ್ಯುತ್ತು ಕೊಡಬಲ್ಲದು ಅನ್ನೋ ಆಂಪಿಯರ್ ಗಂಟೆ. ಚಳೀಲಿ ಇಂಜಿನ್ ಎಬ್ಬಿಸೋಕೆ ಎಷ್ಟು ಜೋರಾಗಿ ಒದೆಯುತ್ತೆ ಅನ್ನೋ ಇನ್ನೊಂದು ಲೆಕ್ಕ. ಕೈಪಿಡಿ ಹೇಳಿದ್ದಕ್ಕಿಂತ ಎರಡೂ ಕಡಿಮೆ ಇರಬಾರದು. ಸಿಗ್ನಲ್ಲಲ್ಲಿ ನಿಂತಾಗ ತಾನೇ ಆರಿ, ಮತ್ತೆ ತಾನೇ ಎಚ್ಚರಾಗೋ ಕಾರುಗಳಿವೆಯಲ್ಲ, ಅವಕ್ಕೆ ಬೇರೆ ಜಾತಿ ಬ್ಯಾಟರೀನೇ ಬೇಕು. ಸಾಮಾನ್ಯದ್ದು ಹಾಕಿದ್ರೆ ಬೇಗ ಕೈ ಎತ್ತುತ್ತೆ. ನಿಮ್ಮದು ಅಂಥದ್ದಲ್ಲ.”

ಯಜಮಾನ ಅಳತೆಗೆ ಸರಿಯಾದ ಎರಡು ಬ್ಯಾಟರಿಗಳನ್ನು ತಂದಿಟ್ಟ. ಒಂದು ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಧೂಳು ಕುಳಿತಿತ್ತು, ಬೆಲೆಯೂ ಇಳಿದಿತ್ತು. ಮುಳ್ಳಣ್ಣನ ಕೈ ಧೂಳಿನದರತ್ತ ಸರಿಯಿತು.

“ಎರಡೂ ಒಂದೇ ಅಲ್ವಾ? ಧೂಳು ಒರೆಸಿಕೊಂಡ್ರಾಯ್ತು.”

“ತಯಾರಾದ ದಿನ ಒರೆಸೋಕಾಗುತ್ತಾ? ಮೈಮೇಲೆ ಅಚ್ಚು ಹಾಕಿದಾರೆ, ಓದಿ. ಬ್ಯಾಟರಿ ಸುಮ್ಮನೆ ಕೂತಿದ್ರೂ ಒಳಗೊಳಗೇ ಖಾಲಿಯಾಗುತ್ತೆ. ಬಹಳ ದಿನ ಹಾಗೇ ಬಿಟ್ರೆ ಮತ್ತೆ ತುಂಬಿಸಿದ್ರೂ ಮೊದಲಿನ ಕಸುವು ಬರಲ್ಲ.”

“ನನ್ನ ಅಂಗಡಿಲೂ ಹಳೇ ಸೆಲ್ ಹಾಗೇನೇ” ಎಂದು ಮುಳ್ಳಣ್ಣ ಮೆಲ್ಲಗೆ ಒಪ್ಪಿಕೊಂಡ. ಯಜಮಾನನೂ ಧೂಳಿನ ಪೆಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

ಹೊಸ ಬ್ಯಾಟರಿಯ ವಾರಂಟಿ ಕಾರ್ಡಿಗೆ ತಾರೀಖು, ಮೊಹರು ಹಾಕಿಸಿಕೊಂಡು, ಹಳೆಯದನ್ನು ಅಂಗಡಿಯಲ್ಲೇ ಒಪ್ಪಿಸಬೇಕೆಂದು ನಾದಿನಿ ಹೇಳಿದಳು. ಅದರೊಳಗಿನ ಸೀಸ ಮತ್ತು ಆಮ್ಲ ಮಣ್ಣಿಗಿಳಿದರೆ ನೀರಿಗೂ ಇಳಿಯುತ್ತದೆ. ಕಸದ ತೊಟ್ಟಿಗೆ ಎಸೆದ ಬ್ಯಾಟರಿ ಯಾರದೋ ಮಗುವಿನ ಲೋಟವನ್ನು ಸೇರುತ್ತದೆ.

ಜೋಡಿಸುವ ಕೆಲಸ ಅಂಗಡಿಯ ಮುಂದೆಯೇ ನಡೆಯಿತು. ಆರಂಭದಲ್ಲೇ ಒಂದು ತಕರಾರು ಎದ್ದಿತು.

“ಕೈಗಡಿಯಾರ ಬಿಚ್ಚಿ, ಭಾವ.”

“ಏನು? ನಾನಾ? ಸ್ನಾನಕ್ಕೂ ಬಿಚ್ಚಲ್ಲ!”

“ಲೋಹದ ಪಟ್ಟಿ ಎರಡು ಗೂಟಕ್ಕೂ ತಗಲಿದ್ರೆ ಮಣಿಕಟ್ಟು ಬೆಂದುಹೋಗುತ್ತೆ. ಉಂಗುರಾನೂ ತೆಗೀರಿ. ಬೀಡಿ, ಬೆಂಕಿ ಹತ್ತಿರ ಬರಬಾರದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕ್ಕೊಳ್ಳಿ.”

ಮುಳ್ಳಣ್ಣ ಅಂಗಾಂಗ ಕಳಚಿದವನಂತೆ ನಿಟ್ಟುಸಿರುಬಿಟ್ಟು ಗಡಿಯಾರವನ್ನು ಕಿಸೆಗೆ ಇಳಿಸಿದ. ಇಂಜಿನ್ನೂ ದೀಪಗಳೂ ಆರಿದ್ದವು. ನಾದಿನಿ ಮೊದಲು ಮೈನಸ್ ತಂತಿಯನ್ನೂ ಆಮೇಲೆ ಪ್ಲಸ್ ತಂತಿಯನ್ನೂ ಬಿಚ್ಚಿ ಹಳೆಯದನ್ನು ಎತ್ತಿದಳು. ಹೊಸದನ್ನು ತಟ್ಟೆಯಲ್ಲಿ ಕೂರಿಸಿ, ಅಲುಗದಂತೆ ಪಟ್ಟಿ ಬಿಗಿದಳು. ಜೋಡಿಸುವಾಗ ಕ್ರಮ ತಿರುಗುಮುರುಗು: ಮೊದಲು ಪ್ಲಸ್, ಕಡೆಗೆ ಮೈನಸ್. ಕಾರು ಒಂದೇ ಸಲಕ್ಕೆ ಎಚ್ಚೆತ್ತಿತು. ಮುಳ್ಳಣ್ಣ ಅದರ ಸದ್ದನ್ನು ತಲೆಯೋರೆ ಮಾಡಿ ಆಲಿಸಿ, “ಆಹಾ, ಸರಿಯಾದ ಗತಿ!” ಎಂದ.

ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ದಿನಗಳು ಉರುಳಿದವು. ಆಸ್ಪತ್ರೆಯ ದಿನಕ್ಕೆ ಇನ್ನೊಂದು ವಾರವಷ್ಟೇ ಉಳಿದಿತ್ತು. ಒಂದು ಬೆಳಿಗ್ಗೆ ಮುಳ್ಳಣ್ಣ ಅಂಗಿಯ ಗುಂಡಿಯನ್ನೂ ಹಾಕದೆ ನಾದಿನಿಯ ಬಾಗಿಲು ಬಡಿದ.

“ನಿನ್ನ ಹೊಸ ಬ್ಯಾಟರಿ ಕಳಪೆ ಕಣಮ್ಮ! ಕಾರು ನರಳ್ತಾ ಇದೆ!”

ನಾದಿನಿ ಓಡಿ ಬಂದಳು. ಚಾವಿ ತಿರುಗಿಸಿದರೆ ಇಂಜಿನ್ನು ಮುದುಕರು ಮೆಟ್ಟಿಲು ಹತ್ತುವಂತೆ ಉಊಂ, ಉಊಂ ಎಂದು ಕಷ್ಟದಿಂದ ಹೊರಟಿತು. ಗೂಟಗಳು ಬಿಗಿಯಾಗಿದ್ದವು, ಶುಭ್ರವಾಗಿದ್ದವು. ಆರಿಸಲು ಮರೆತದ್ದೇನಾದರೂ ಬ್ಯಾಟರಿಯನ್ನು ಹೀರುತ್ತಿದೆಯೇ ಎಂದು ಹುಡುಕಿದರೆ ಒಳಗಿನ ದೀಪ ಉರಿಯುತ್ತಿರಲಿಲ್ಲ. ಡಿಕ್ಕಿಯ ದೀಪವೂ ಉರಿಯುತ್ತಿರಲಿಲ್ಲ. ಫೋನ್ ಚಾರ್ಜರ್ ಸಿಕ್ಕಿಸಿರಲಿಲ್ಲ. ಅವಳು ಹುಬ್ಬು ಗಂಟಿಕ್ಕಿದಳು.

ಮೇಲಿನ ಕಿಟಕಿಯಲ್ಲಿ ತಾಯಿಯ ಮುಖ ಮೂಡಿತು. ಕಣ್ಣು ಮಂಜಾಗಿದ್ದರೂ ಅವಳ ಕಿವಿ ಚುರುಕಾಗಿತ್ತು; ನಾಲಗೆ ಅದಕ್ಕಿಂತ ಚುರುಕು.

“ನಾನು ಮೊದಲೇ ಹೇಳಿದ್ನಲ್ಲ! ಹೊಸದು ತಂದ ವಾರ ಬೆಳಿಗ್ಗೆ ಬೆಳಿಗ್ಗೆ ‘ಝರ್ರ್, ಬುರ್ರ್, ಠುಸ್’ ಅಂತಿತ್ತು. ಆಮೇಲೆ ‘ಝರ್ರರ್ರ್, ಬುರ್, ಠುಸ್.’ ಈಗ ನೋಡಿ, ‘ಉಊಂ, ಉಊಂ, ಠುಸ್.’ ಸಂಜೆದೂ ಹಾಗೇನೇ. ದಿನದಿಂದ ದಿನಕ್ಕೆ ಸ್ವರ ಇಳೀತಾನೇ ಇದೆ. ಅದಕ್ಕೆ ಬರೋ ಮನಸ್ಸಿಲ್ಲ!”

ನಾದಿನಿ ಕತ್ತು ಮೇಲೆತ್ತಿದಳು. “ಅತ್ತೆ, ಬೆಳಿಗ್ಗೆ ಬೆಳಿಗ್ಗೆ ಅಂದ್ರೆ? ಕಾರು ಎಲ್ಲಿಗೂ ಹೋಗಲ್ವಲ್ಲ?”

“ಎಲ್ಲಿಗೂ ಹೋಗಲ್ಲಮ್ಮ. ನಿಂತಲ್ಲೇ ಬುರ್ ಅನ್ನುತ್ತೆ, ನಿಂತಲ್ಲೇ ಠುಸ್ ಅನ್ನುತ್ತೆ.”

ಗಲಾಟೆ ಕೇಳಿ ಹೆಂಡತಿಯೂ ಹೊರಗೆ ಬಂದಿದ್ದಳು. ಮೂವರು ಹೆಂಗಸರ ದೃಷ್ಟಿಯೂ, ಮಂಜಾದ ಒಂದು ಜೊತೆಯೂ ಸೇರಿದಂತೆ, ಮುಳ್ಳಣ್ಣನ ಮೇಲೆ ಬಿತ್ತು.

“ಇದರಲ್ಲೇನು ವಿಶೇಷ?” ಎಂದ ಅವನು. “ಬೆಳಿಗ್ಗೆ ಎದ್ದು ಅಂಗಡಿಯ ಗಡಿಯಾರಗಳಿಗೆಲ್ಲ ಚಾವಿ ಕೊಡ್ತೀನಿ. ಹಾಗೇ ಹೊರಗೆ ಬಂದು ಕಾರನ್ನೂ ಒಂದು ಸಲ ಸ್ಟಾರ್ಟ್ ಮಾಡಿ, ಸದ್ದು ಸರಿಯಿದೆ ಅಂತ ಕೇಳಿ, ಆರಿಸ್ತೀನಿ. ಕಾರು ತಂದ ದಿನದಿಂದ ಮಾಡ್ತಿದ್ದೀನಿ. ಈಗ ಹೊಸ ಬ್ಯಾಟರಿ, ಅಮ್ಮನ ಕಣ್ಣಿನ ವಿಷಯ, ಅಸಡ್ಡೆ ಮಾಡಬಾರದು ಅಂತ ಸಂಜೇನೂ ಒಂದು ಸಲ ಮಾಡ್ತಿದ್ದೀನಿ.”

ನಾದಿನಿ ಬಾನೆಟ್ಟಿನ ಮೇಲೆ ಕೈಯೂರಿ, ಭುಜ ಕುಲುಕುವಂತೆ ನಕ್ಕಳು. ನಗು ನಿಂತ ಮೇಲೆ ಮಾತು ಮೆತ್ತಗಾಯಿತು.

“ಭಾವ, ಅಷ್ಟು ಪ್ರೀತಿಯಿಂದ ಅದನ್ನ ಹಸಿವಿಗೆ ಕೆಡವಿದ್ದೀರಿ. ಗಡಿಯಾರದ ಸ್ಪ್ರಿಂಗು ನೀವು ಸುತ್ತಿದಷ್ಟೂ ತುಂಬಿಕೊಳ್ಳುತ್ತೆ. ಕಾರಿಂದು ಹಾಗಲ್ಲ. ಇಂಜಿನ್ ಎಬ್ಬಿಸೋ ಒಂದೊಂದು ಸಲವೂ ಬ್ಯಾಟರಿ ಒಂದು ದೊಡ್ಡ ಗುಟುಕು ಕೊಟ್ಟುಬಿಡುತ್ತೆ. ಆ ಗುಟುಕು ವಾಪಸ್ ಬರಬೇಕು ಅಂದ್ರೆ ಕಾರು ರಸ್ತೇಲಿ ಚೆನ್ನಾಗಿ ಓಡಬೇಕು. ನೀವು ಕೊಟ್ಟಿದ್ದನ್ನ ವಾಪಸ್ ಪಡೆಯೋಕೂ ಬಿಡದೆ ಠುಸ್ ಅನಿಸ್ತಿದ್ದೀರಿ. ಅದೂ ಎರಡು ಹೊತ್ತು!”

ಮುಳ್ಳಣ್ಣ ಬಾಯಿಂದ ಗಡಿಯಾರದ ಮುಳ್ಳನ್ನು ತೆಗೆದು ಕಿಸೆಗೆ ಹಾಕಿಕೊಂಡ. “ಹಾಗಾದ್ರೆ ಹಳೇ ಬ್ಯಾಟರೀನೂ?”

“ಅದಕ್ಕೆ ವಯಸ್ಸೂ ಆಗಿತ್ತು. ಆದ್ರೂ ನೀವು ಸ್ವಲ್ಪ ಬೇಗ ಕಳಿಸಿಕೊಟ್ರಿ.”

“ಅಯ್ಯೋ ರಾಮ! ಹೇಳಬಾರದಿತ್ತಾ ನನಗೆ?”

“ಹಲ್ಲುಜ್ಜುತ್ತೀನಿ ಅಂತ ಯಾರಾದ್ರೂ ಬಂದು ಹೇಳ್ತಾರಾ? ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ.”

ಕಿಟಕಿಯಲ್ಲಿದ್ದ ತಾಯಿ ಬಾಯಿಗೆ ಕೈ ಅಡ್ಡ ಹಿಡಿದಳು. ತನ್ನ ಪಕ್ಷದ ಸಾಕ್ಷಿಯನ್ನು ತಾನೇ ಎದುರಾಳಿಗೆ ಒಪ್ಪಿಸಿಬಿಟ್ಟಿದ್ದೇನೆಂದು ಆಕೆಗೆ ತಡವಾಗಿ ಹೊಳೆಯಿತು.

“ಇಷ್ಟು ಇಳಿದ ಬ್ಯಾಟರಿ ಸ್ವಲ್ಪ ದೂರ ಓಡಿಸಿದ್ರೆ ತುಂಬಲ್ಲ” ಎಂದು ನಾದಿನಿ ಅದನ್ನು ಅಂದೇ ವರ್ಕ್‌ಶಾಪಿಗೆ ಕಳುಹಿಸಿ, ಚಾರ್ಜರಿಗೆ ಹಚ್ಚಿಸಿ, ಪೂರ್ತಿ ತುಂಬಿಸಿ ತರಿಸಿದಳು. ಪರೀಕ್ಷೆಯಲ್ಲಿ ಅದು ಗಟ್ಟಿಯಾಗಿ ನಿಂತಿತು. ಬೇಗ ಕಂಡುಹಿಡಿದದ್ದರಿಂದ ಹಾನಿ ಉಳಿಯಲಿಲ್ಲ. ಆಮೇಲೆ ಅವಳು ಭಾವನಿಗೆ ಹೊಸ ನಿಯಮ ಹಾಕಿದಳು: ನಿಂತಲ್ಲೇ ಬುರ್ ಎನಿಸುವುದು ಬಂದ್. ಅದರ ಬದಲು ದೂರದ ರಸ್ತೆಯಲ್ಲಿ ಒಂದು ನಿಧಾನದ, ನೆಮ್ಮದಿಯ ಓಟ.

“ಎಲ್ಲಿಗೆ ಹೋಗಲಿ? ನನಗೆ ಹೋಗೋಕೆ ಜಾಗವೇ ಇಲ್ಲ” ಎಂದ ಮುಳ್ಳಣ್ಣ.

“ನನ್ನ ಕರಕೊಂಡು ಹೋಗೋ” ಎಂದಳು ತಾಯಿ ಮೇಲಿನಿಂದ. “ಆಸ್ಪತ್ರೆ ಒಂದು ಬಿಟ್ಟು ಎಲ್ಲಿಗಾದ್ರೂ ಸರಿ.”

ಹೀಗೆ ತಾಯಿ ಮಗ ಇಬ್ಬರೇ ಮರುದಿನ ಹೊರಟರು. ಪೇಟೆ ಮುಗಿಯಿತು, ಗೋದಾಮುಗಳ ಸಾಲು ಮುಗಿಯಿತು, ರಸ್ತೆ ಅಗಲವಾಯಿತು. ಕಿಟಕಿಯ ಗಾಜು ಇಳಿಸಿ ತಾಯಿ ಗಾಳಿಗೆ ಮುಖವೊಡ್ಡಿದಳು. ಆಮೇಲೆ ತಾನಾಗಿಯೇ ಹೇಳಿದಳು:

“ಕಾರಿನ ಮೇಲೆ ಹಾಕಿದೆ ಅಷ್ಟೇ ಕಣೋ. ನನಗೆ ಭಯ. ಈಗ ಮಂಜಾದ್ರೂ ಕಾಣುತ್ತೆ. ನೀನು ಬಂದ್ರೆ ನೀನು ಅಂತ ಗೊತ್ತಾಗುತ್ತೆ. ಅದೂ ಹೋಗಿಬಿಟ್ರೆ?”

ಮುಳ್ಳಣ್ಣ ಕಾರಿನ ವೇಗವನ್ನು ಸ್ವಲ್ಪ ಇಳಿಸಿದ. “ಅಮ್ಮ, ನಿಂತ ಗಡಿಯಾರ ತರ್ತಾರಲ್ಲ, ಹೆಚ್ಚಿನವರು ಮೊದಲು ಕೈಗೆ ಕೊಡೋದೇ ಇಲ್ಲ. ಬಿಚ್ಚಿದ್ರೆ ಪೂರ್ತಿ ಕೆಟ್ಟುಹೋಗುತ್ತಾ ಅಂತ ಎರಡು ಕೈಲೂ ಹಿಡ್ಕೊಂಡಿರ್ತಾರೆ. ನಾನು ಏನೂ ಹೇಳಲ್ಲ. ರಿಪೇರಿ ಆಗಿರೋ ಗಡಿಯಾರಗಳ ಹತ್ತಿರ ಕೂರಿಸ್ತೀನಿ. ಸ್ವಲ್ಪ ಹೊತ್ತಿಗೆ ಅವರೇ ಕೊಡ್ತಾರೆ.”

“ಅದಕ್ಕೆ?”

“ಅದಕ್ಕೇ ಈ ರಸ್ತೆಗೆ ಬಂದೆ.”

ಕಾರು ಕಣ್ಣಾಸ್ಪತ್ರೆಯ ಗೇಟಿನೆದುರಿನ ಮರದ ನೆರಳಿನಲ್ಲಿ ನಿಂತಿತ್ತು. ತಾಯಿ ಮಗನ ತೋಳಿಗೆ ಒಂದು ಗುದ್ದು ಕೊಟ್ಟಳು. ಆದರೆ ವಾಪಸ್ ತಿರುಗಿಸೆನ್ನಲಿಲ್ಲ. ಗೇಟಿನ ಬಳಿಯ ಬೆಂಚಿನ ಮೇಲೆ ಕಪ್ಪು ಕನ್ನಡಕದ ಒಬ್ಬ ಹೆಂಗಸು ತನ್ನ ಗಂಡನಿಗೆ ಗದರಿಸುತ್ತಿದ್ದುದು ಗಾಳಿಯಲ್ಲಿ ತೇಲಿಬಂತು: “ಇಷ್ಟು ದಿನ ಈ ಹರಕಲು ಅಂಗಿ ಹಾಕ್ಕೊಂಡೇ ನನ್ನ ಜೊತೆ ಓಡಾಡಿದ್ರಾ? ಕಾಣಲ್ಲ ಅಂತ ಎಷ್ಟು ಮೋಸ ಮಾಡಿದೀರಿ!” ತಾಯಿ ಕಿಲಕಿಲನೆ ನಕ್ಕಳು. ಆ ವಾರ ಅವರು ಆ ದಾರಿಯಲ್ಲಿ ಇನ್ನೊಮ್ಮೆ ಹೋದರು. ಎರಡನೆಯ ಸಲ ತಾಯಿಯೇ ಇಳಿದು ಬೆಂಚಿನವರೆಗೆ ನಡೆದು, ಅಲ್ಲಿದ್ದವರನ್ನೆಲ್ಲ ವಿಚಾರಿಸಿಕೊಂಡು ಬಂದಳು.

ಗೊತ್ತಾದ ದಿನ ಬಂದಿತು. ಹೊರಗೆ ಮೂಳೆ ಕೊರೆಯುವ ಚಳಿ; ಕಾರಿನ ಗಾಜಿನ ಮೇಲೆ ಹಬೆ. ಮುಳ್ಳಣ್ಣನೂ ಹೆಂಡತಿಯೂ ತಾಯಿಯ ಕೋಣೆಗೆ ಹೋದರೆ ಹಾಸಿಗೆ ಮಡಿಸಿತ್ತು, ಕಂಬಳಿ ಇರಲಿಲ್ಲ, ತಾಯಿಯೂ ಇರಲಿಲ್ಲ. ಗಾಬರಿಯಿಂದ ಕೆಳಗಿಳಿದರೆ ನಾದಿನಿ ಕಾರಿನ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಮುಂದಿನ ಸೀಟಿನಲ್ಲಿ ಕಂಬಳಿ ಹೊದ್ದು, ಬೆಲ್ಟು ಬಿಗಿದು, ಕೈಚೀಲ ಹಿಡಿದು ತಾಯಿ ಕುಳಿತಿದ್ದಳು.

“ಯಾಕಿಷ್ಟು ಹೊತ್ತು? ಕಾರಿಗಿಂತ ಮೊದಲು ನಾನೇ ಸ್ಟಾರ್ಟ್ ಆಗಿ ಕೂತಿದ್ದೀನಿ.”

“ಮತ್ತೆ ನಿಮ್ಮ ಷರತ್ತು, ಅತ್ತೆ?” ಎಂದಳು ಸೊಸೆ.

“ಷರತ್ತು ಷರತ್ತೇ. ತಿರುಗಿಸೋ.”

ಮುಳ್ಳಣ್ಣ ಕೈಗಡಿಯಾರವನ್ನೊಮ್ಮೆ ಮುಟ್ಟಿ, ದೇವರನ್ನು ನೆನೆದು ಚಾವಿ ತಿರುಗಿಸಿದ. ಕಾರು ಕೆಮ್ಮಲಿಲ್ಲ, ನರಳಲಿಲ್ಲ. ಒಂದೇ ಸಲಕ್ಕೆ ಝರ್ರೆಂದು ಎದ್ದು ಗುನುಗತೊಡಗಿತು.

“ಠುಸ್ ಅನಿಸಬೇಡ ಮತ್ತೆ! ನಡಿ ನಡಿ!” ಎಂದು ತಾಯಿ ಡ್ಯಾಶ್‌ಬೋರ್ಡನ್ನು ತಟ್ಟಿದಳು.

ಮೊದಲು ಒಂದು ಕಣ್ಣು, ಕೆಲವು ವಾರಗಳಾದ ಮೇಲೆ ಇನ್ನೊಂದು. ಎರಡು ಸಲವೂ ಕಾರು ಕರೆದೊಡನೆ ಓಗೊಟ್ಟಿತು. ಪಟ್ಟಿ ಬಿಚ್ಚಿದ ದಿನ ತಾಯಿ ಮಗನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. “ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತೋ? ಹೇಳೇ ಇಲ್ಲ” ಎಂದಳು. ಹಳೆಯ ಕಸೂತಿಯ ನೀಲಿ ಎಲೆಗಳನ್ನು ಬಿಚ್ಚಲೇ ಎಂದು ಸೊಸೆ ಕೇಳಿದರೆ, “ಇರಲಿ ಬಿಡು, ಸಮುದ್ರದ ಗಿಡ” ಎಂದು ನಕ್ಕು ಹಸಿರು ಮಣಿಯ ಡಬ್ಬಿಯನ್ನು ಎತ್ತಿಕೊಂಡಳು.

ಕೆಲವು ತಿಂಗಳ ಮೇಲೊಂದು ದಿನ ಮುಳ್ಳಣ್ಣ ಬಾನೆಟ್ಟು ಎತ್ತಿ, “ಎಲ್ಲಾ ಸರಿಯಿದೆ” ಎಂದು ಮುಚ್ಚಲು ಹೊರಟ. ಮಾಳಿಗೆಯ ಕಿಟಕಿಯಿಂದ ಧ್ವನಿ ಬಂತು:

“ಏನು ಸರಿಯಿದೆ? ಎಡಗಡೆ ಗೂಟದ ಬುಡದಲ್ಲಿ ಬಿಳಿ ಪುಡಿ, ಸಾಸಿವೆಯಷ್ಟು. ನನಗೆ ಇಲ್ಲಿಂದಲೇ ಕಾಣುತ್ತೆ!”

ಮುಳ್ಳಣ್ಣ ಬಗ್ಗಿ ನೋಡಿದ. ಇತ್ತು. ಸಾಸಿವೆಯಷ್ಟೇ ಇತ್ತು.

ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮನೆಯ ಕಾರಿನ ಕಡೆಗೂ ಒಂದು ಕಣ್ಣು ಹಾಯಿಸಿ. ಇಂಜಿನ್ನು ಏಳಲು ತಡಮಾಡಿದರೆ, ದೀಪ ಮಂಕಾದರೆ, ಅದು ಬ್ಯಾಟರಿಯ ವಿನಂತಿಯೆಂದು ತಿಳಿಯಿರಿ. ಟಕ್ ಟಕ್ ಎನ್ನುವವರೆಗೆ ಕಾಯಬೇಡಿ. ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನೂ ಆಲ್ಟರ್ನೇಟರನ್ನೂ ಪರೀಕ್ಷೆ ಮಾಡಿಸಿ. ಕೈಪಿಡಿ ಹೇಳಿದ ಅಳತೆ, ಗೂಟದ ದಿಕ್ಕು, ಶಕ್ತಿ ಮತ್ತು ಬಗೆಯದನ್ನೇ ಕೇಳಿ, ತಯಾರಾದ ದಿನವನ್ನು ಓದಿ ತನ್ನಿ. ವಾರಂಟಿ ಕಾರ್ಡನ್ನು ಜೋಪಾನ ಮಾಡಿ. ಹಳೆಯದನ್ನು ಅಂಗಡಿಗೇ ಮರಳಿಸಿ. ಗೂಟಗಳಲ್ಲಿ ಪುಡಿ ಕಂಡರೆ ತಂತಿ ಬಿಚ್ಚಿ, ಗ್ಲೌಸ್ ತೊಟ್ಟು, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಗಿಯಾಗಿ ಕಟ್ಟಿ. ಮುಚ್ಚಳವಿರುವ ಬ್ಯಾಟರಿಯಾದರೆ ಗುರುತಿನವರೆಗೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಿ, ನಲ್ಲಿ ನೀರನ್ನಲ್ಲ. ಮುಚ್ಚಿ ಬಂದದ್ದಾದರೆ ಬಿಚ್ಚುವ ಗೊಡವೆಗೆ ಹೋಗಬೇಡಿ. ನಿಂತಲ್ಲೇ ಎಬ್ಬಿಸಿ ಆರಿಸದೆ, ವಾರಕ್ಕೊಮ್ಮೆಯಾದರೂ ದೂರದ ಓಟ ಕೊಡಿ. ಬಹುಕಾಲ ನಿಲ್ಲಿಸಬೇಕಾದರೆ ತಕ್ಕ ಚಾರ್ಜರಿನಿಂದ ತುಂಬಿಸಿಡಿ. ಆ ಓಟದಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ. ತುಂಬಿಕೊಳ್ಳುವುದು ಬ್ಯಾಟರಿಯೊಂದೇ ಆಗಿರಬೇಕಾಗಿಲ್ಲ.

ಇದನ್ನು ಓದಿದವರ, ಓದಿಸಿದವರ, ಕೇಳಿದವರ ಮನೆಬಾಗಿಲಿನಿಂದ ಹೊರಟ ಪಯಣಗಳೆಲ್ಲ ಹೊತ್ತಿಗೆ ಸರಿಯಾಗಿ ಮುಟ್ಟಲಿ. ಕಣ್ಣಿಗೆ ಬೆಳಕು, ಕಾಲಿಗೆ ಬಲ, ಮನಸ್ಸಿಗೆ ನೆಮ್ಮದಿ ಬತ್ತದಿರಲಿ. ನೀರಿನೊಳಗೆ ಬೆಂಕಿಯನ್ನು ಕಾಪಾಡುವ ಆ ಕರುಣಾಳು ನಿಮ್ಮೆಲ್ಲರನ್ನೂ ಚೆನ್ನಾಗಿ ಕಾಪಾಡಲಿ.